ನೋಡುವುದು ಮತ್ತು ನೋಡಿಕೊಳ್ಳುವುದು

(ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಆ ಹಿರಿಯರು ಬದುಕಿನ ಬಹುಪಾಲನ್ನು ಪ್ರೊಜೆಕ್ಟರಿನ ಪಕ್ಕದಲ್ಲಿ ಕಳೆದವರು. ಟೂರಿಂಗ್ ಟಾಕೀಸಿಗೆ ಹುಡುಗನಾಗಿ ಸೇರಿ, ಆಪರೇಟರ್ ಆಗಿ, ಮುಂದೆ ಒಂದು ಚಿತ್ರಮಂದಿರದಲ್ಲಿ ನಿವೃತ್ತರಾದರು. ಪ್ರತಿ ಆಟಕ್ಕೂ ಮುಂಚೆ ರೀಲನ್ನು ಕೈಯಿಂದ ಸುತ್ತುತ್ತಾ, ಹೆಬ್ಬೆರಳು ತೋರುಬೆರಳುಗಳ ನಡುವೆ ಫಿಲ್ಮಿನ ಅಂಚನ್ನು ಹರಿಯಬಿಟ್ಟು, ಎಲ್ಲಿ ತೂತು ಹರಿದಿದೆ, ಎಲ್ಲಿ ಅಂಟು ಬಿಟ್ಟಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರಂತೆ. ಅವರ ಮಕ್ಕಳು ಇದನ್ನು ಹೇಳಿದಾಗ ಇವತ್ತಿನ ಮಾತಿನ ವಿಷಯ ನನಗೆ ತಾನಾಗಿ ಸಿಕ್ಕಿತು. ಊರೆಲ್ಲ ಸಿನಿಮಾ ನೋಡುತ್ತಿತ್ತು. ಅವರು ಸಿನಿಮಾವನ್ನು ನೋಡಿಕೊಳ್ಳುತ್ತಿದ್ದರು. ಕನ್ನಡದಲ್ಲಿ ಈ ಎರಡು ಮಾತುಗಳಿಗೆ ಒಂದು ‘ಕೊಳ್ಳು’ವಿನಷ್ಟೇ ಅಂತರ. ನಮ್ಮ ಚಿತ್ರಗಳ ಅಳಿವು ಉಳಿವು ಆ ಅಂತರದಲ್ಲಿದೆ ಎಂದು ನಾನು ನಂಬಿದ್ದೇನೆ.

ಅಟ್ಟದ ಮೇಲಿನ ಆರು ಡಬ್ಬ

ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ಊರಿನಿಂದ ನನಗೆ ಫೋನ್ ಬಂತು. ಹಿಂದೆ ಟಾಕೀಸು ನಡೆಸಿದವರ ಮನೆ. ಹೆಂಚು ಇಳಿಸಿ ರಿಪೇರಿ ಮಾಡಿಸುವಾಗ ಅಟ್ಟದ ಮೇಲೆ ಆರು ಫಿಲ್ಮ್ ಡಬ್ಬ ಸಿಕ್ಕಿದ್ದವು. ನಾನು ಹೋದಾಗ ಮನೆಯ ಅಜ್ಜಿ ಹೇಳಿದರು: “ಎಷ್ಟೋ ವರ್ಷದಿಂದ ಅಟ್ಟದಿಂದ ಹುಳಿ ವಾಸನೆ ಬರ್ತಿತ್ತು ಕಣಪ್ಪ. ಯಾವುದೋ ಹಳೇ ಉಪ್ಪಿನಕಾಯಿ ಜಾಡಿ ಒಡೆದಿರಬೇಕು ಅಂದ್ಕೊಂಡಿದ್ದೆ.”

ಡಬ್ಬಗಳು ತುಕ್ಕು ಹಿಡಿದಿದ್ದವು. ಚೀಟಿಯ ಮೇಲಿನ ಶಾಯಿ ತೊಳೆದುಹೋಗಿತ್ತು. ಮೊದಲ ಮುಚ್ಚಳ ತೆಗೆದ ಕೂಡಲೇ ಕಣ್ಣು ಉರಿದು ನೀರು ಬಂತು. ಒಂದು ರೀಲು ಅಂಟಿಕೊಂಡು ಬಿಲ್ಲೆಯಾಗಿತ್ತು, ಅದರ ಮೇಲೆ ಬಿಳಿ ಹರಳು ಹರಳಾದ ಪುಡಿ. ಮೂರು ರೀಲುಗಳು ಬಿಸಿಲಿಗೆ ಒಣಗಿದ ಹಪ್ಪಳದಂತೆ ಅಲೆಅಲೆಯಾಗಿ ಸೊಟ್ಟಗಾಗಿದ್ದವು. ಉಳಿದ ಎರಡು ನೋಡಲು ಚೆನ್ನಾಗಿಯೇ ಇದ್ದವು. ಅಜ್ಜಿಯ ಮೂಗು ತಪ್ಪಿರಲಿಲ್ಲ. ಆ ವಾಸನೆ ವರ್ಷಗಟ್ಟಲೆ ಒಂದು ಸುದ್ದಿ ಹೇಳುತ್ತಿತ್ತು. ಆ ಸುದ್ದಿಯನ್ನು ಓದಬಲ್ಲವರು ಆ ಮನೆಯ ಹತ್ತಿರ ಸುಳಿದಿರಲಿಲ್ಲ.

ಗೋಡೆ ಮತ್ತು ಚಿತ್ತಾರ

ಫಿಲ್ಮಿನಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು, ಜೆಲಾಟಿನ್ನಿನ ತೆಳು ಪದರ. ಕಪ್ಪು-ಬಿಳುಪು ಚಿತ್ರವಾದರೆ ಬೆಳ್ಳಿಯ ಕಣಗಳು, ವರ್ಣಚಿತ್ರವಾದರೆ ಬಣ್ಣಗಳು ಈ ಪದರದಲ್ಲಿರುತ್ತವೆ. ಇನ್ನೊಂದು, ಆ ಪದರವನ್ನು ಹೊತ್ತ ಪಾರದರ್ಶಕ ಪಟ್ಟಿ. ಚಿತ್ತಾರ ಎಷ್ಟೇ ಚೆನ್ನಾಗಿರಲಿ, ಗೋಡೆ ಕುಸಿದರೆ ಅದೂ ಹೋಯಿತು. ಇಂದು ನಾನು ಮಾತನಾಡುತ್ತಿರುವುದು ಹೆಚ್ಚಾಗಿ ಆ ಗೋಡೆಯ ಬಗ್ಗೆ.

ಎರಡೂವರೆ ಗಂಟೆಯ ಒಂದು ಚಿತ್ರವನ್ನು ತೆಗೆದುಕೊಳ್ಳಿ. 35 ಮಿಲಿಮೀಟರ್ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಸೆಕೆಂಡಿಗೆ 24 ಚೌಕಟ್ಟು. ಲೆಕ್ಕ ಹಾಕಿದರೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದ, 2,16,000 ಚೌಕಟ್ಟುಗಳು, ಸಾವಿರ ಅಡಿಯ ಹದಿನಾಲ್ಕು ರೀಲು. ಒಂದೇ ಚಿತ್ರದ ಹದಿನಾಲ್ಕು ರೀಲುಗಳೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಆರನೆಯದು ಹಾಳಾಗಿ ಏಳನೆಯದು ಚೆನ್ನಾಗಿರಬಹುದು. ಹೀಗಾಗಿ ಚಿತ್ರ ಚೆನ್ನಾಗಿದೆಯೇ ಎಂದು ಕೇಳಿದರೆ ಸಾಲದು, ಡಬ್ಬ ಡಬ್ಬಕ್ಕೂ ಆ ಪ್ರಶ್ನೆ ಕೇಳಬೇಕು.

ಚಲನಚಿತ್ರದ ಚರಿತ್ರೆಯಲ್ಲಿ ಈ ಗೋಡೆ ಮೂರು ವಸ್ತುಗಳಿಂದ ಆಗಿದೆ: ಮೊದಲು ಸೆಲ್ಯುಲೋಸ್ ನೈಟ್ರೇಟ್, ಆಮೇಲೆ ಸೆಲ್ಯುಲೋಸ್ ಅಸಿಟೇಟ್, ಕೊನೆಗೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಬಹಳ ಗಟ್ಟಿ. ಸಂಕಟ ಮೊದಲ ಎರಡರದು.

ಉರಿಯುವ ಫಿಲ್ಮ್

1950ರ ದಶಕದ ಆರಂಭದವರೆಗೆ ಚಿತ್ರರಂಗ ಬಳಸಿದ್ದು ಬಹುಪಾಲು ನೈಟ್ರೇಟ್ ಫಿಲ್ಮ್. ಅದರ ಮೇಲಿನ ಚಿತ್ರದ ಹೊಳಪನ್ನು ಬಲ್ಲವರು ಇಂದಿಗೂ ಹೊಗಳುತ್ತಾರೆ. ಆದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಕೆಡುತ್ತಾ ಬಂದ ನೈಟ್ರೇಟ್ ಇನ್ನೂ ಅಪಾಯಕಾರಿ. ನಮ್ಮ ಬೇಸಿಗೆಯ ಝಳಕ್ಕೇ ತಾನಾಗಿ ಹೊತ್ತಿಕೊಳ್ಳಬಲ್ಲದು.

ಅದು ಕೆಡುವ ಹಾದಿಯನ್ನು ಸಂಗ್ರಹಾಲಯದವರು ಐದು ಹಂತಗಳಾಗಿ ಗುರುತಿಸುತ್ತಾರೆ. ಮೊದಲು ಫಿಲ್ಮ್ ಹಳದಿಗೆ ತಿರುಗಿ ಚಿತ್ರ ಮಸುಕಾಗುತ್ತದೆ. ಆಮೇಲೆ ಮೇಲ್ಪದರ ಜಿಗುಟಾಗಿ ಸುತ್ತುಗಳು ಅಂಟಿಕೊಳ್ಳುತ್ತವೆ. ಮೂರನೆಯ ಹಂತದಲ್ಲಿ ಜೇನಿನ ಬಣ್ಣದ ನೊರೆ, ಗುಳ್ಳೆ, ಕಟುವಾದ ವಾಸನೆ. ನಾಲ್ಕನೆಯದರಲ್ಲಿ ಇಡೀ ರೀಲು ಒಂದೇ ಗಡ್ಡೆ. ಐದನೆಯದರಲ್ಲಿ ಕಂದು ಪುಡಿ. ಮೊದಲ ಎರಡು ಹಂತಗಳಲ್ಲಿ ಕಣ್ಣಿಗೆ ಬಿದ್ದರೆ ಚಿತ್ರವನ್ನು ಬೇರೆ ಫಿಲ್ಮಿಗೆ ಇಳಿಸಿಕೊಳ್ಳಬಹುದು. ಕೊನೆಯ ಎರಡಕ್ಕೆ ಬಂದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ.

2003ರ ಜನವರಿ 8ರಂದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿದ್ದ ನೈಟ್ರೇಟ್ ದಾಸ್ತಾನಿಗೆ ಬೆಂಕಿ ಬಿತ್ತು. ಭಾರತೀಯ ಚಿತ್ರರಂಗದ ಮೊದಲ ದಶಕಗಳ ದೊಡ್ಡ ಸಂಗ್ರಹವೊಂದು ಕೆಲವೇ ಗಂಟೆಗಳಲ್ಲಿ ಬೂದಿಯಾಯಿತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ನೈಟ್ರೇಟ್ ಕಾಲದ್ದು. ವೈ.ವಿ. ರಾವ್ ನಿರ್ದೇಶಿಸಿದ, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು-ಹಾಡು ಬರೆದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ನಟಿಸಿದ ಆ ಚಿತ್ರ 1934ರ ಮಾರ್ಚ್ 3ರಂದು ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಭಾಷೆ ಬೆಳ್ಳಿತೆರೆಯ ಮೇಲೆ ಮೊದಲು ನುಡಿದ ದನಿಯನ್ನು ಇನ್ನು ಯಾರೂ ಕೇಳಲಾರರು. ಪಠ್ಯಪುಸ್ತಕದಲ್ಲಿ ಅದರ ಹೆಸರು ಓದಿ ಮುಂದೆ ಹೋಗುತ್ತೇವೆ. ಹೆಸರು ಉಳಿದಿರುವುದರಿಂದ ಕಳೆದುಕೊಂಡದ್ದು ಎಷ್ಟೆಂದು ನಮ್ಮ ಅರಿವಿಗೆ ಬರುವುದಿಲ್ಲ.

‘ಸೇಫ್ಟಿ’ ಫಿಲ್ಮಿನ ಒಳಗಿನ ಹುಳಿ

ಬೆಂಕಿಯ ಭಯಕ್ಕೆ ಪರಿಹಾರವಾಗಿ ಬಂದದ್ದು ಅಸಿಟೇಟ್. 1948ರಲ್ಲಿ ಟ್ರೈಅಸಿಟೇಟ್ ಫಿಲ್ಮ್ ಮಾರುಕಟ್ಟೆಗೆ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ನೈಟ್ರೇಟ್ ಹಿಂದೆ ಸರಿಯಿತು. ಅಂಚಿನಲ್ಲಿ ‘ಸೇಫ್ಟಿ’ ಎಂದು ಅಚ್ಚಾಗಿರುತ್ತಿತ್ತು. ನೈಟ್ರೇಟಿನಂತೆ ಉರಿಯುವುದಿಲ್ಲ ಎಂಬ ಅರ್ಥದಲ್ಲಿ ಆ ಮಾತು ನಿಜ. ಜನ ಅದನ್ನು ಕೆಡುವುದಿಲ್ಲ ಎಂದು ಓದಿಕೊಂಡರು.

ಅದು ಕೆಡುತ್ತದೆ ಎಂಬ ಮೊದಲ ದೂರು ತಯಾರಕರಾದ ಈಸ್ಟ್‌ಮನ್ ಕೊಡಾಕ್ ಕಂಪನಿಗೆ ಒಂದು ದಶಕ ತುಂಬುವ ಮೊದಲೇ ಹೋಯಿತು. ಆ ದೂರು ಹೋದದ್ದು ಭಾರತ ಸರ್ಕಾರದಿಂದ. ಸೆಕೆ ಮತ್ತು ತೇವ ತುಂಬಿದ ಜಾಗದಲ್ಲಿ ಇಟ್ಟಿದ್ದ ನಮ್ಮ ಫಿಲ್ಮುಗಳು ಮೊದಲು ಹುಳಿತವು. ಜಗತ್ತು ಇದಕ್ಕೆ ವಿನೆಗರ್ ಸಿಂಡ್ರೋಮ್ ಎಂದು ಹೆಸರಿಟ್ಟದ್ದು ಆಮೇಲೆ. ಈ ವ್ಯಾಧಿಯನ್ನು ಮೊದಲು ಕಂಡ ದೇಶ ನಮ್ಮದು. ಮೊದಲು ಕಂಡವರಿಗೆ ಅದನ್ನು ನೋಡಿಕೊಳ್ಳುವ ಹೊಣೆಯೂ ಹೆಚ್ಚು ಎಂದು ನನಗೆ ಅನಿಸುತ್ತದೆ.

ನಡೆಯುವುದು ಇಷ್ಟು. ಅಸಿಟೇಟ್ ಎಂದರೆ ಸೆಲ್ಯುಲೋಸಿನ ಉದ್ದನೆಯ ಸರಪಳಿಗೆ ಅಸಿಟೈಲ್ ಗುಂಪುಗಳನ್ನು ಜೋಡಿಸಿ ಮಾಡಿದ ವಸ್ತು. ಗಾಳಿಯ ತೇವ ಒಳಗೆ ಸೇರಿ, ಬಿಸಿಯ ನೆರವಿನಿಂದ ಆ ಗುಂಪುಗಳನ್ನು ಒಂದೊಂದಾಗಿ ಕೀಳುತ್ತದೆ. ಕಿತ್ತುಬಂದದ್ದು ಅಸಿಟಿಕ್ ಆಮ್ಲವಾಗುತ್ತದೆ, ಅಡುಗೆಮನೆಯ ವಿನೆಗರಿನಲ್ಲಿ ಇರುವುದೂ ಅದೇ. ಆ ಆಮ್ಲ ಫಿಲ್ಮಿನಲ್ಲೇ ಉಳಿದು ಮತ್ತಷ್ಟು ಗುಂಪುಗಳನ್ನು ಕೀಳುವುದಕ್ಕೆ ವೇಗ ಕೊಡುತ್ತದೆ. ಹೆಪ್ಪು ಹಾಲನ್ನು ಮೊಸರಾಗಿಸುವ ಹಾಗೆ ತನ್ನ ಹುಳಿಯೇ ತನಗೆ ಹೆಪ್ಪು. ಮೊದಲು ಬಹಳ ವರ್ಷ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಒಂದು ಹೊಸ್ತಿಲು ದಾಟಿದ ಮೇಲೆ ಹುಳಿ ತಾನೇ ತಾನಾಗಿ ಏರುತ್ತದೆ. ಪಟ್ಟಿ ಕುಗ್ಗುತ್ತದೆ, ಪೆಡಸಾಗುತ್ತದೆ. ಮೃದುತ್ವಕ್ಕೆ ಬೆರೆಸಿದ ದ್ರವ್ಯ ಹೊರಬಂದು ಬಿಳಿ ಹರಳಾಗುತ್ತದೆ. ಜೆಲಾಟಿನ್ ಪದರ ಕುಗ್ಗದ ಕಾರಣ ಪಟ್ಟಿಯಿಂದ ಎದ್ದು ನೆರಿಗೆ ಬೀಳುತ್ತದೆ.

ಅಮೆರಿಕದ ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಈ ವೇಗವನ್ನು ವರ್ಷಗಟ್ಟಲೆ ಅಳೆದು ನೋಡಿತು. 21 ಡಿಗ್ರಿ ಸೆಲ್ಸಿಯಸ್, ಮಧ್ಯಮ ತೇವಾಂಶ ಇರುವಲ್ಲಿ ಹೊಸ ಅಸಿಟೇಟ್ ಫಿಲ್ಮ್ ಆ ಹೊಸ್ತಿಲು ಮುಟ್ಟಲು ಸುಮಾರು 40ರಿಂದ 50 ವರ್ಷ. ಸೆಕೆ ಹೆಚ್ಚಿದಂತೆ ಆ ಅವಧಿ ಬೇಗ ಬೇಗ ಇಳಿಯುತ್ತದೆ. ಮಂಗಳೂರಿನ ಮಳೆಗಾಲವನ್ನೂ ಕಲಬುರಗಿಯ ಬೇಸಿಗೆಯನ್ನೂ ಬಲ್ಲ ನಿಮಗೆ ಇನ್ನು ನಾನು ಹೇಳಬೇಕಾದ್ದು ಕಡಿಮೆ.

ಬಣ್ಣ ಓದುವ ವಿದ್ಯೆ

ಹುಳಿ ವಾಸನೆ ಮೂಗಿಗೆ ಸ್ಪಷ್ಟವಾಗಿ ಬರುವ ಹೊತ್ತಿಗೆ ಹೊಸ್ತಿಲು ಹತ್ತಿರವಾಗಿಯೋ ದಾಟಿಯೋ ಇರುತ್ತದೆ. ದಿನವಿಡೀ ಡಬ್ಬಗಳ ನಡುವೆ ಇರುವವರ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ, ಅವರ ಕಣ್ಣು ಗಂಟಲಿಗೂ ಅದು ಒಳ್ಳೆಯದಲ್ಲ. ಮೂಗಿಗಿಂತ ಮೊದಲೇ ತಿಳಿಯುವ ಉಪಾಯ ಬೇಕಿತ್ತು. ಅದೇ ರಾಚೆಸ್ಟರ್ ಸಂಸ್ಥೆಯ ಜೇಮ್ಸ್ ರೈಲಿ, ಡಗ್ಲಸ್ ನಿಶಿಮುರ, ಮೋನಿಕ್ ಫಿಶರ್ ರೂಪಿಸಿದ ಎ-ಡಿ ಸ್ಟ್ರಿಪ್ ಎಂಬ ಪುಟ್ಟ ಕಾಗದದ ಪಟ್ಟಿ ಆ ಉಪಾಯ. ಆಮ್ಲವನ್ನು ಪತ್ತೆ ಮಾಡುವ ಪಟ್ಟಿ ಎಂಬುದೇ ಆ ಹೆಸರಿನ ಅರ್ಥ. ಆಸ್ಕರ್ ಕೊಡುವ ಅಕಾಡೆಮಿ 1997ನೇ ಸಾಲಿನ ತಾಂತ್ರಿಕ ಪ್ರಶಸ್ತಿಯನ್ನು ಇದಕ್ಕೆ ನೀಡಿತು. ತಾರೆಯರಿಗೆ ಕೊಡುವ ಮನ್ನಣೆಯ ಪಂಕ್ತಿಯಲ್ಲಿ ಒಂದು ಕಾಗದದ ಚೂರಿಗೂ ಜಾಗ ಸಿಕ್ಕಿದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಶಾಲೆಯ ಪ್ರಯೋಗಾಲಯದ ಲಿಟ್ಮಸ್ ಕಾಗದ ನಿಮಗೆಲ್ಲ ನೆನಪಿರುತ್ತದೆ. ಇದು ಅದೇ ಜಾತಿಯದು. ಇದರಲ್ಲಿರುವುದು ಬ್ರೋಮೋಕ್ರೆಸಾಲ್ ಗ್ರೀನ್ ಎಂಬ ಬಣ್ಣ. ಹುಳಿ ಇಲ್ಲದಿದ್ದರೆ ನೀಲಿ, ಹುಳಿ ಏರಿದಂತೆ ಹಸಿರು, ಕೊನೆಗೆ ಹಳದಿ. ಡಬ್ಬದ ಮುಚ್ಚಳ ತೆಗೆದು ಫಿಲ್ಮಿನ ಮೇಲೆ ಒಂದು ಪಟ್ಟಿ ಇಟ್ಟು ಮುಚ್ಚಬೇಕು. ಕೋಣೆಯ ಉಷ್ಣಾಂಶದಲ್ಲಿ ಒಂದು ದಿನ, ಅಂದರೆ 24 ಗಂಟೆ ಬಿಡಬೇಕು. ತಣ್ಣನೆಯ ಕೋಣೆಯಾದರೆ ಇನ್ನೂ ಹೆಚ್ಚು ಕಾಲ. ಆಮೇಲೆ ಹೊರತೆಗೆದು, ತಡಮಾಡದೆ, ಒಳ್ಳೆಯ ಬೆಳಕಿನಲ್ಲಿ, ಜೊತೆಗೆ ಬರುವ ಪೆನ್ಸಿಲಿನ ಮೇಲೆ ಅಚ್ಚಾದ ಬಣ್ಣಗಳ ಜೊತೆ ಹೋಲಿಸಬೇಕು. ಫಿಲ್ಮನ್ನು ಕತ್ತರಿಸುವುದಿಲ್ಲ, ಬಿಚ್ಚುವುದೂ ಇಲ್ಲ.

ಮಟ್ಟಗಳು 0ಯಿಂದ 3ರವರೆಗೆ. 0 ಎಂದರೆ ಆರೋಗ್ಯ. 1 ಎಂದರೆ ಹುಳಿ ಶುರುವಾಗಿದೆ, ತಂಪಿನಲ್ಲಿಟ್ಟು ಆಗಾಗ ನೋಡಬೇಕು. 1.5 ಆ ಹೊಸ್ತಿಲು. ಇಲ್ಲಿಂದ ಮುಂದೆ ಹುಳಿ ತನ್ನ ವೇಗವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. 2 ಮುಟ್ಟಿದರೆ ಶೈತ್ಯಾಗಾರಕ್ಕೆ ಸೇರಿಸಿ ಪ್ರತಿ ತೆಗೆಯುವ ಏರ್ಪಾಡು ಮಾಡಬೇಕು. 3 ಎಂದರೆ ಫಿಲ್ಮ್ ಕುಗ್ಗಿ ಸೊಟ್ಟಗಾಗುವ ಕಾಲ. ಮುಟ್ಟುವುದೂ ಕಷ್ಟವಾಗುವ ಮೊದಲು ಕೈಗೆತ್ತಿಕೊಳ್ಳಬೇಕು. ಯಾವ ಚಿತ್ರವನ್ನು ಮೊದಲು ಉಳಿಸಬೇಕು ಎಂಬ ಪ್ರಶ್ನೆಗೆ ಈವರೆಗೆ ನಾವು ಜನಪ್ರಿಯತೆಯಿಂದ ಉತ್ತರ ಕೊಡುತ್ತಿದ್ದೆವು. ಈ ಪಟ್ಟಿ ಬೇರೆ ಉತ್ತರ ಕೊಡುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ನೋಡುವುದು ಹೆಚ್ಚು ನರಳುತ್ತಿರುವವರನ್ನು, ಹೆಚ್ಚು ಹೆಸರು ಮಾಡಿದವರನ್ನಲ್ಲ.

ಬಣ್ಣದ ಜೊತೆಗೆ ಅಳತೆಯೂ ಬೇಕು. ಪ್ರಿಂಟಿನಲ್ಲಿ ಒಂದು ತೂತಿನಿಂದ ಮುಂದಿನ ತೂತಿಗೆ 4.75 ಮಿಲಿಮೀಟರ್ ದೂರ. ನೂರು ತೂತುಗಳಿಗೆ 475 ಮಿಲಿಮೀಟರ್. ಅಳತೆಪಟ್ಟಿಯ ಮೇಲೆ ಮಲಗಿಸಿದಾಗ ಅದು 470ರ ಸಮೀಪಕ್ಕೆ ಇಳಿದಿದ್ದರೆ ಶೇಕಡಾ 1ರಷ್ಟು ಕುಗ್ಗಿದೆ ಎಂದರ್ಥ. ಐದೇ ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು. ಆದರೆ ಅಷ್ಟು ಕುಗ್ಗಿದ ರೀಲನ್ನು ಸಾಮಾನ್ಯ ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಗಳು ತೂತಿಗೆ ಕೂರದೆ ಅಂಚು ಹರಿಯುತ್ತದೆ. ಆ ಆಪರೇಟರ್ ಬೆರಳಿನಿಂದ ತಿಳಿಯುತ್ತಿದ್ದುದು ಇಂಥದ್ದನ್ನೇ.

ವರ್ಣಚಿತ್ರಗಳಿಗೆ ಇನ್ನೊಂದು ಕಾಯಿಲೆಯಿದೆ. ಕತ್ತಲಲ್ಲಿ ಇಟ್ಟರೂ ಹಳೆಯ ಪ್ರಿಂಟುಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸಿ ಇಡೀ ಚಿತ್ರ ಕೆಂಪಾಗುತ್ತದೆ. ಇದನ್ನು ಪಟ್ಟಿ ಹೇಳುವುದಿಲ್ಲ, ಕಣ್ಣಿನಿಂದ ನೋಡಿ ಬರೆದಿಡಬೇಕು.

ಬರೆದಿಡುವ ಕೆಲಸ

ತಪಾಸಣೆಯಲ್ಲಿ ಎಲ್ಲರೂ ಮರೆಯುವ ಭಾಗ ಇದು. ಒಮ್ಮೆ ಇಟ್ಟ ಪಟ್ಟಿ ಇವತ್ತಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಮೂರು ವರ್ಷದ ಹಿಂದೆ 0.5 ಇದ್ದದ್ದು ಈಗ 1 ಆಗಿದೆ ಎಂದು ತಿಳಿದರೆ ರೋಗದ ನಡಿಗೆ ಗೊತ್ತಾಗುತ್ತದೆ. ಅದಕ್ಕೆ ಪ್ರತಿ ಡಬ್ಬಕ್ಕೂ ಒಂದು ಕಾರ್ಡು ಬೇಕು: ಡಬ್ಬದ ಸಂಖ್ಯೆ, ನೋಡಿದ ದಿನಾಂಕ, ಕೋಣೆಯ ಉಷ್ಣಾಂಶ ಮತ್ತು ತೇವ, ಪಟ್ಟಿಯ ಮಟ್ಟ, ಕುಗ್ಗಿದ ಪ್ರಮಾಣ, ನೋಡಿದವರ ಸಹಿ. ಸಾವಿರಾರು ಡಬ್ಬಗಳಿದ್ದು ಎಲ್ಲವನ್ನೂ ನೋಡಲಾಗದಿದ್ದರೆ ಪ್ರತಿ ಕಪಾಟಿನಿಂದ, ಪ್ರತಿ ದಶಕದಿಂದ ಕೆಲವನ್ನು ಆಯ್ದು ನೋಡಬೇಕು. ತುಕ್ಕು ಹಿಡಿದ ಡಬ್ಬ, ಕಾಂತೀಯ ಧ್ವನಿಪಟ್ಟಿಯಿರುವ ರೀಲು ಇವುಗಳನ್ನು ಮಾತ್ರ ಬಿಡದೆ ನೋಡಬೇಕು, ಏಕೆಂದರೆ ಕಬ್ಬಿಣದ ಆಕ್ಸೈಡ್ ಹುಳಿಗೆ ಇನ್ನಷ್ಟು ವೇಗ ಕೊಡುತ್ತದೆ.

ಹುಳಿತದ್ದನ್ನು ಬೇರೆ ಕೋಣೆಗೆ ಸರಿಸಬೇಕು, ಅದರ ಆವಿ ನೆರೆಯ ರೀಲುಗಳನ್ನು ಕೆಡಿಸುತ್ತದೆ. ಕಬ್ಬಿಣದ ಡಬ್ಬದ ಬದಲು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬ ಬೇಕು. ತೇವ ಶೇಕಡಾ 30ರಿಂದ 50ರೊಳಗೆ ಇರಬೇಕು. ಆರೋಗ್ಯವಾಗಿರುವ ಅಸಿಟೇಟಿಗೆ 4 ಡಿಗ್ರಿ, ಹುಳಿ ಹತ್ತಿದ್ದಕ್ಕೆ ಸೊನ್ನೆ ಅಥವಾ ಅದಕ್ಕೂ ಕೆಳಗಿನ ಚಳಿ. ಚಳಿ ರೋಗವನ್ನು ವಾಸಿ ಮಾಡುವುದಿಲ್ಲ. ಕಳೆದುಹೋದ ಅಸಿಟೈಲ್ ಗುಂಪು ಮರಳಿ ಬರುವುದಿಲ್ಲ. ಆದರೆ ಉಳಿದ ಆಯುಷ್ಯವನ್ನು ಅದು ಹಲವು ಪಟ್ಟು ಹಿಗ್ಗಿಸುತ್ತದೆ.

ಎಲ್ಲವನ್ನೂ ಡಿಜಿಟಲ್ ಮಾಡಿ ಫಿಲ್ಮ್ ಬಿಸಾಡಬಾರದೇಕೆ ಎಂದು ಯುವಕರು ಕೇಳುತ್ತಾರೆ. ಅದಕ್ಕೆ ‘ಘಟಶ್ರಾದ್ಧ’ವೇ ಉತ್ತರ. ಗಿರೀಶ ಕಾಸರವಳ್ಳಿಯವರ 1977ರ ಆ ಚಿತ್ರ 2024ರಲ್ಲಿ ಹೊಸ ಜೀವ ಪಡೆದು ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ ಕೆಲಸ ಅದು. ಅದು ಸಾಧ್ಯವಾದದ್ದು ಕ್ಯಾಮರಾದಿಂದ ಇಳಿದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದ. 1964ರಲ್ಲಿ ಹುಟ್ಟಿದ ಆ ಸಂಗ್ರಹಾಲಯವನ್ನು ಊರೂರು ಅಲೆದು ಕಟ್ಟಿದ ಪಿ.ಕೆ. ನಾಯರ್ ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಇಪ್ಪತ್ತು ವರ್ಷಗಳ ಹಿಂದೆ ಆ ನೆಗೆಟಿವನ್ನು ಅಂದಿನ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ಬಿಸಾಡಿದ್ದರೆ ಇಂದಿನ ಯಂತ್ರಕ್ಕೆ ಕೊಡಲು ನಮ್ಮ ಬಳಿ ಏನಿರುತ್ತಿತ್ತು?

ಓಲೆಗರಿಯ ಪಾಠ

ನೋಡಿಕೊಳ್ಳುವ ವಿದ್ಯೆ ನಮಗೆ ಹೊಸದಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ಓಲೆಗರಿಗಳು ಶತಮಾನಗಳನ್ನು ದಾಟಿ ಬಂದಿವೆ. ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಅಂದು ಗ್ರಂಥಗಳನ್ನು ಹೊರತೆಗೆದು, ದೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜಿಸುತ್ತಾರೆ. ಇದು ಭಕ್ತಿ, ನಿಜ. ಜೊತೆಗೆ ಇದು ವರ್ಷಕ್ಕೊಮ್ಮೆ ತಪ್ಪದ ತಪಾಸಣೆ. ಹುಳು ಹಿಡಿದ ಗರಿ ಆ ದಿನ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ.

ಪೊನ್ನನ ‘ಶಾಂತಿಪುರಾಣ’ ಅಳಿದುಹೋಗಬಾರದೆಂದು ಅತ್ತಿಮಬ್ಬೆ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ನಮ್ಮ ಪರಂಪರೆ ಹೇಳುತ್ತದೆ. ಹತ್ತನೆಯ ಶತಮಾನದ ಆ ಕಾವ್ಯ ಇಂದು ನಮ್ಮ ಕೈಯಲ್ಲಿದೆ. 1934ರ ‘ಸತಿ ಸುಲೋಚನ’ ಇಲ್ಲ. ದತ್ತಿ ಎಂಬ ಮಾತಿಗೆ ಅತ್ತಿಮಬ್ಬೆಗಿಂತ ದೊಡ್ಡ ಅರ್ಥ ನನಗೆ ಗೊತ್ತಿಲ್ಲ. ಇದ್ದದ್ದು ಮುಂದಿನವರಿಗೂ ಇರಲಿ ಎಂದು ಕೈಯಿಂದ ಹಣ ಬಿಚ್ಚುವುದೇ ದತ್ತಿ.

ಅದಕ್ಕೇ ಈ ವೇದಿಕೆಯಿಂದ ಮೂರು ಬೇಡಿಕೆ ಇಡುತ್ತೇನೆ. ನಿರ್ಮಾಪಕರು ಮತ್ತು ಅವರ ವಾರಸುದಾರರು ತಮ್ಮ ಚಿತ್ರಗಳ ನೆಗೆಟಿವ್ ಎಲ್ಲಿದೆ ಎಂದು ಇಂದೇ ವಿಚಾರಿಸಲಿ. ಒಂದು ಕಾಲದಲ್ಲಿ ನಮ್ಮ ಚಿತ್ರಗಳು ಮದ್ರಾಸಿನ ಲ್ಯಾಬುಗಳಲ್ಲಿ ತೊಳೆದು ಬರುತ್ತಿದ್ದವು, ಅನೇಕ ನೆಗೆಟಿವ್‌ಗಳು ಅಲ್ಲಿಯೇ ಉಳಿದವು. ಎರಡನೆಯದು, ಕನ್ನಡ ಚಿತ್ರಗಳಿಗೆ ಒಂದು ಆರೋಗ್ಯ ದಾಖಲೆ ಬೇಕು: ಯಾವ ಚಿತ್ರದ ಯಾವ ರೀಲು ಎಲ್ಲಿದೆ, ಅದರ ಮಟ್ಟ ಎಷ್ಟು, ಕೊನೆಗೆ ನೋಡಿದ್ದು ಯಾವಾಗ. ಮೂರನೆಯದು ವಿದ್ಯಾರ್ಥಿಗಳಿಗೆ. ರಸಾಯನಶಾಸ್ತ್ರ ಓದುವವರೂ ಸಿನಿಮಾ ಓದುವವರೂ ಒಟ್ಟಿಗೆ ಈ ಕೆಲಸ ಕಲಿಯಿರಿ. ಬೇಕಾದದ್ದು ಕಾಗದದ ಪಟ್ಟಿ, ಅಳತೆಪಟ್ಟಿ, ಕಾರ್ಡು, ಮತ್ತು ಹೇಳಿದ ದಿನ ಮರಳಿ ಬರುವ ನಿಷ್ಠೆ. ಕೊನೆಯದೇ ಹೆಚ್ಚು ಅಪರೂಪ.

ಆ ಆರು ಡಬ್ಬಗಳ ಕಥೆ ಮುಗಿಸುತ್ತೇನೆ. ಬಿಲ್ಲೆಯಾದದ್ದನ್ನು ಉಳಿಸಲಾಗಲಿಲ್ಲ. ಸೊಟ್ಟಗಾದ ಮೂರರಲ್ಲಿ ಇಟ್ಟ ಪಟ್ಟಿಗಳು ಹಳದಿಗೆ ತಿರುಗಿದವು, ಆ ರೀಲುಗಳನ್ನು ಬೇರೆಯಾಗಿ ಶೈತ್ಯದಲ್ಲಿ ಇಟ್ಟಿದ್ದೇವೆ. ಚೆನ್ನಾಗಿ ಕಂಡ ಎರಡು ರೀಲುಗಳಲ್ಲಿ ಪಟ್ಟಿ ತುಸುವೇ ಹಸಿರಾಗಿತ್ತು, ಮಟ್ಟ 1. ಅವುಗಳನ್ನು ಹೊಸ ಡಬ್ಬಕ್ಕೆ ಹಾಕಿ ತಣ್ಣನೆಯ ಕೋಣೆಗೆ ಸೇರಿಸಿದೆವು. ವರ್ಷಕ್ಕೊಮ್ಮೆ ಪಟ್ಟಿ ಇಡುತ್ತೇವೆ, ಕಾರ್ಡಿನಲ್ಲಿ ಬರೆಯುತ್ತೇವೆ. ಈ ಸಲವೂ ಬಣ್ಣ ಹೋದ ಸಲದ ಹಾಗೆಯೇ ಇದೆ. ಅಜ್ಜಿಗೆ ಫೋನ್ ಮಾಡಿ ಹೇಳಿದೆ. “ವಾಸನೆ ಬರ್ತಿದ್ಯೇನಪ್ಪ ಇನ್ನೂ?” ಎಂದು ಕೇಳಿದರು. “ಇಲ್ಲ ಅಜ್ಜಿ, ಹಾಗೇ ಇದೆ. ಮುಂದಿನ ವರ್ಷ ಮತ್ತೆ ನೋಡ್ತೀವಿ” ಎಂದೆ.

ಮುಂದಿನ ವರ್ಷ ಮತ್ತೆ ನೋಡುತ್ತೇವೆ. ನಮ್ಮ ಚಿತ್ರಗಳಿಗೆ ನಾವು ಕೊಡಬೇಕಾದ ಮಾತು ಇಷ್ಟೇ. ಈ ಮಾತು ಕೊಡುವವರ ಸಂಖ್ಯೆ ಈ ಸಭೆಯಿಂದ ಬೆಳೆಯಲಿ.